ಮುದ್ದಯ್ಯನ ಹೊಲದ ಹೆಸರುಗಳ ಪುಸ್ತಕ

ಭೀಮನಬೀಡಿನ ಮುದ್ದಯ್ಯ ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಜವಾನನಾಗಿ ದುಡಿದ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ, ಅವರ ಮುಖ ನೋಡುವ ಆಸೆ ನನಗಿಲ್ಲ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮುದ್ದಯ್ಯ ಅಕ್ಷರ ಕಲಿತದ್ದು ಕೆಂಪು ಬಟ್ಟೆ ಸುತ್ತಿದ ಪಹಣಿ ಕಟ್ಟುಗಳನ್ನು ಇಳಿಸುತ್ತ ಏರಿಸುತ್ತ. ನಾನೂ ಹಾಗೆ ದಾರಿಯಲ್ಲಿ ಹೆಕ್ಕಿಕೊಂಡು ಕಲಿತವನೇ. ಹೆಕ್ಕಿದ ಅಕ್ಷರ ಬೆಂಚಿನ ಮೇಲೆ ಕೂತು ಕಲಿತದ್ದಕ್ಕಿಂತ ಗಟ್ಟಿ ಎಂದು ಯಾರೆದುರು ಬೇಕಾದರೂ ಹೇಳುತ್ತೇನೆ.

ನಮ್ಮ ಕಡೆಯ ರೈತರ ಬಾಯಲ್ಲಿ ಸರ್ವೆ ನಂಬರು ನಿಲ್ಲುವುದಿಲ್ಲ. ಹೊಲಕ್ಕೆ ಹೆಸರಿರುತ್ತದೆ: ಕಳ್ಳಿಮಾಳ, ಜೋಡಿಹುಣಸೆ, ಸೊಸೆ ಬಿದ್ದ ಬಾವಿ ಹೊಲ. ಸರ್ಕಾರದ ಕಾಗದದಲ್ಲಿ ಆ ಹೆಸರುಗಳಿಲ್ಲ. ಪಹಣಿ ಕೇಳಲು ಬಂದವರು ಹೆಸರು ಹೇಳುತ್ತಿದ್ದರು, ಗುಮಾಸ್ತ ನಂಬರು ಕೇಳುತ್ತಿದ್ದ, ನಡುವೆ ದಲ್ಲಾಳಿ ಬಂದು ನಿಲ್ಲುತ್ತಿದ್ದ. ಇದನ್ನು ನೋಡಿ ನೋಡಿ ಸಾಕಾಗಿ ಮುದ್ದಯ್ಯ ಉದ್ದನೆಯ ನೋಟುಪುಸ್ತಕ ಒಂದನ್ನು ಇಟ್ಟ. ಯಾರ ಪಹಣಿ ತೆಗೆದುಕೊಟ್ಟರೂ, "ಆ ಒಲುಕ್ಕೆ ನಿಮ್ಮೂರಲ್ಲಿ ಏನಂದಾರು?" ಎಂದು ಕೇಳಿ ನಂಬರಿನ ಪಕ್ಕದಲ್ಲಿ ಬರೆದುಕೊಂಡ. ಹದಿನಾಲ್ಕು ವರ್ಷದಲ್ಲಿ ಅಂಥ ನಾಲ್ಕು ಪುಸ್ತಕಗಳಾದವು. ಅವನಿಂದಾಗಿ ದಲ್ಲಾಳಿಗಳ ಬಾಯಿಗೆ ಮಣ್ಣು ಬಿತ್ತು.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ ಕಚೇರಿಗೆ ಕಂಪ್ಯೂಟರ್ ಬಂತು. ಪಹಣಿಗಳನ್ನೆಲ್ಲ ಅದಕ್ಕೆ ತುಂಬಲು ನೀಲಾವತಿ ಎಂಬ ಹುಡುಗಿ, ಅದನ್ನು ನೋಡಿಕೊಳ್ಳಲು ಮೈಸೂರಿನಿಂದ ಶಾಂತರಾಜು ಎಂಬ ಎಂಜಿನಿಯರ್ ಬಂದರು. ಇನ್ನು ಜನರಿಗೆ ಸಲೀಸು ಎಂದು ಪೇಪರಿನವರು ಬರೆದರು.

ಕಂಪ್ಯೂಟರ್ ಪಹಣಿ ಕೊಡುವ ಕಿಟಕಿ ತೆರೆದ ಮೊದಲ ವಾರವೇ ಮರಿತಾಯಮ್ಮ ಬಂದಳು. ಗಂಡ ಸತ್ತ ಮೇಲೆ ಗಡಿಯಾಚೆ ವಯನಾಡಿಗೆ ಶುಂಠಿ ಕೆಲಸಕ್ಕೆ ಹೋಗಿ ಬಂದು ಬದುಕುತ್ತಿದ್ದ ಹೆಂಗಸು.

"ನಮ್ ಆನೆಗುಂಡಿ ಒಲದ್ ಪಾಣಿ ಕೊಡವ್ವ."

"ಸರ್ವೆ ನಂಬರ್ ಹೇಳಿ ಅಜ್ಜಿ," ಎಂದಳು ನೀಲಾವತಿ.

"ನಂಬ್ರು ಗಿಂಬ್ರು ನಂಗೇನ್ ಗೊತ್ತು? ಆನೆ ಬಿದ್ದಿದ್ ಗುಂಡಿ ಪಕ್ಕದ್ದು. ಇಡೀ ಊರ್ಗೇ ಗೊತ್ತು, ನಿಮ್ ಪೆಟ್ಗೆಗ್ ಗೊತ್ತಿಲ್ವ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಒಳಗಿನಿಂದ ಮುದ್ದಯ್ಯ ಪುಸ್ತಕ ನೋಡದೆಯೇ ಕೂಗಿದ: "ನೂರಾ ಹದ್ನಾಕು ಬಾರ್ ಎರಡು ಒಡಿ, ಮಗ."

ಕಾಗದ ಬಂತು. ಹೊಲ ಇನ್ನೂ ಸತ್ತ ಗಂಡನ ಹೆಸರಿನಲ್ಲೇ ಇತ್ತು. "ಖಾತೆ ನಿನ್ನೆಸ್ರುಗ್ ಮಾಡುಸ್ಕೊಳವ್ವ, ಯಾವನಾರಾ ಕಣ್ಣಾಕ್ತಾನೆ," ಎಂದ ಮುದ್ದಯ್ಯ. "ಶುಂಠಿ ಕೆಲ್ಸ ಮುಗುಸ್ಕಂಡ್ ಬತ್ತೀನಿ ಬುಡಣ್ಣ," ಎಂದು ಅವಳು ಹೋದಳು. ಮರೆಯಬಾರದೆಂದು ಮುದ್ದಯ್ಯ ಪುಸ್ತಕದ ಅಂಚಿನಲ್ಲಿ ಬರೆದಿಟ್ಟ: ಗಂಡ ತೀರಿದ, ಖಾತೆ ಆಗಿಲ್ಲ, ಹೆಂಡತಿ ವಯನಾಡಿನಲ್ಲಿ, ಮಕ್ಕಳಿಲ್ಲ. ಇಂಥ ಅಂಚಿನ ಬರಹಗಳು ಆ ಪುಸ್ತಕಗಳಲ್ಲಿ ನೂರಾರು ಇದ್ದವು. ಊರೂರಿನ ಸಾವು ನೋವು ಅವನ ಕೈಬರಹದಲ್ಲಿತ್ತು.

ಅವತ್ತು ಸಂಜೆ ಅವನು ಪುಸ್ತಕಗಳನ್ನು ಶಾಂತರಾಜುವಿನ ಮುಂದಿಟ್ಟು, "ಸೋಮಿ, ಈ ಎಸ್ರುಗಳ್ನ ಪೆಟ್ಗೆವಳಕ್ಕೆ ಆಕುದ್ರೆ ಜನ ಅವ್ರ್ ಬಾಯಾಗೇ ಕೇಳ್ಬೌದಲ್ವ?" ಎಂದ. ಎಂಜಿನಿಯರ್ ಕೆಟ್ಟವನಲ್ಲ. ಒಂದೆರಡು ಹಾಳೆ ತಿರುವಿ, "ಒಂದು ಕಾಲಂ ಸೇರಿಸಿದರೆ ಆಯ್ತು ಮುದ್ದಯ್ಯ. ಜೆರಾಕ್ಸ್ ಮಾಡಿಸಿ ಕೊಡಿ, ಮೇಲಿನವರಿಗೆ ಕಳಿಸ್ತೀನಿ," ಎಂದ. ಅಂಚಿನಲ್ಲಿ ಏನಿದೆ ಎಂದು ಅವನೂ ನೋಡಲಿಲ್ಲ, ಇವನಿಗೂ ಹೊಳೆಯಲಿಲ್ಲ.

ಜೆರಾಕ್ಸ್ ಯಂತ್ರ ಇದ್ದದ್ದು ಎದುರಿನ ಮಲ್ಲೇಶನ ಅಂಗಡಿಯಲ್ಲಿ ಮಾತ್ರ. ಅರ್ಜಿ ಬರೆಯುವುದು ಅವನ ಕಸುಬು, ದಲ್ಲಾಳಿತನ ಅವನ ಹೊಟ್ಟೆಪಾಡು.

"ಕರೆಂಟ್ ಓಗ್ಬುಟ್ಟದೆ ಕಣಣ್ಣೋ. ಮಡಗಿ ಓಗು, ನಾಳಕ್ ತಗಂಡೋಗಿವಂತೆ. ನಿನ್ ಬುಕ್ಕೇನ್ ಚಿನ್ನವ?"

"ಚಿನ್ನ ಆಗಿದ್ರೆ ನಿನ್ ಅಂಗ್ಡೀಲಿ ಮಡಗ್ತಿದ್ನೇನ್ಲಾ?" ಎಂದು ನಕ್ಕು ಮುದ್ದಯ್ಯ ಬಿಟ್ಟು ಬಂದ. ಮಲ್ಲೇಶ ಎರಡು ಪ್ರತಿ ತೆಗೆದ. ಒಂದನ್ನು ಕೊಟ್ಟ, ಒಂದನ್ನು ಇಟ್ಟುಕೊಂಡ.

ಶುಂಠಿ ಕೆಲಸ ಮುಗಿಸಿ ಮರಿತಾಯಮ್ಮ ಬರುವಷ್ಟರಲ್ಲಿ ಆನೆಗುಂಡಿ ಹೊಲ ಕೈಬಿಟ್ಟಿತ್ತು. ಸತ್ತವನಿಗೆ ನಾನೇ ಮಗ ಎಂದು ಯಾವನೋ ಅರ್ಜಿ ಕೊಟ್ಟು ಖಾತೆ ಮಾಡಿಸಿಕೊಂಡು ಮಾರಿಯೂ ಬಿಟ್ಟಿದ್ದ. ಅರ್ಜಿ ಬರೆದುಕೊಟ್ಟವನು ಮಲ್ಲೇಶ. ಮರಿತಾಯಮ್ಮ ದೂರು ಕೊಟ್ಟ ಮೇಲೆ ವಿಚಾರಣೆಗೆ ಕರೆದಾಗ ಅವನು ಜೆರಾಕ್ಸ್ ಹಾಳೆ ಹಿಡಿದು, "ನಂದೇನ್ ತಪ್ಪು ಸಾರ್, ನಿಮ್ ಕಚೇರಿಯೋರೇ ಬರ್ದವ್ರಲ್ಲ, ಹೆಂಗ್ಸು ಊರಲ್ಲಿಲ್ಲ ಅಂತ," ಎಂದ.

ಅಧಿಕಾರಿ ಗಂಗಾಧರಸ್ವಾಮಿ ಮುದ್ದಯ್ಯನನ್ನು ನಿಲ್ಲಿಸಿ ಕೇಳಿದರು: "ಕಚೇರಿ ಗುಟ್ಟು ಬೀದಿಗೆ ತಂದೋನು ನೀನೇ ಅಲ್ವೇನಯ್ಯ?"

"ಜನ್ರುಗ್ ಸಲೀಸಾಗ್ಲಿ ಅಂತ ಬರ್ಕಂಡೆ ಸೋಮಿ."

"ಸಲೀಸು ಮಾಡೋಕೆ ಸರ್ಕಾರ ಇದೆ. ನೀನ್ಯಾರು?"

ಪುಸ್ತಕಗಳನ್ನು ಅರಗು ಮುದ್ರೆ ಹಾಕಿ ಬೀರುವಿಗೆ ಸೇರಿಸಿದರು. ಕಚೇರಿಯಲ್ಲಿ ತಿಳಿದ ಯಾವ ವಿಷಯವನ್ನೂ ಇನ್ನು ಬದುಕಿರುವವರೆಗೆ ಯಾರಿಗೂ ಹೇಳುವುದಿಲ್ಲ, ಹೇಳಿದರೆ ಪಿಂಚಣಿ ನಿಲ್ಲಿಸಬಹುದು ಎಂದು ಮುಚ್ಚಳಿಕೆ ಬರೆಸಿ ಸಹಿ ಮಾಡಿಸಿದರು. ನಿವೃತ್ತಿಗೆ ಏಳು ತಿಂಗಳಿತ್ತು. ಸುಳ್ಳು ಮಗನ ಅರ್ಜಿಗೆ ಕಣ್ಣು ಮುಚ್ಚಿ ರುಜು ಹಾಕಿದವರ ಕೂದಲೂ ಕೊಂಕಲಿಲ್ಲ.

ಮುದ್ದಯ್ಯನನ್ನು ಮುರಿದದ್ದು ಅದಲ್ಲ. ಮರಿತಾಯಮ್ಮ ಅವನ ಮನೆ ಬಾಗಿಲಿಗೇ ಬಂದಳು. ಅವಳು ಬೈಯಲಿಲ್ಲ. "ಅಣ್ಣಾ, ನನ್ ಗಂಡ ಸತ್ತಿದ್ನ ಬರ್ದು ಮಡಗು ಅಂತ ನಾನೇಳಿದ್ನಾ?" ಎಂದಷ್ಟೇ ಕೇಳಿದಳು. ಅವಳ ದಾವೆ ಚಾಮರಾಜನಗರದ ಕೋರ್ಟಿನಲ್ಲಿ ನೆನೆಗುದಿಗೆ ಬಿತ್ತು, ಅವಳು ಮತ್ತೆ ವಯನಾಡಿಗೆ ಹೋದಳು.

ಮೇಲಿನಿಂದ ಶಾಂತರಾಜುವಿಗೆ ಕಾಗದ ಬಂತು. ಹೊಲದ ಹೆಸರು ಹಾಕುವ ಕಾಲಂ ಯೋಜನೆಯಲ್ಲಿ ಇಲ್ಲ ಎಂದಿತ್ತು. ಅವನನ್ನೂ ಬೇರೆ ಕಡೆಗೆ ಹಾಕಿದರು. ಮಲ್ಲೇಶ ಮೂರು ತಿಂಗಳು ಅಂಗಡಿ ಮುಚ್ಚಿ, ಮತ್ತೆ ತೆರೆದು ಬೋರ್ಡು ಹಾಕಿದ: "ಹೊಲದ ಹೆಸರು ಹೇಳಿ ಸಾಕು, ಪಹಣಿ ಪಡೆಯಿರಿ." ವಿಚಾರಣೆಯಲ್ಲಿ ಅವನ ಕೈಯ ಹಾಳೆ ಕಿತ್ತುಕೊಂಡರೇನು, ಅವನು ಅಷ್ಟು ಹೊತ್ತಿಗೆ ಎಷ್ಟು ಪ್ರತಿ ಮಾಡಿಟ್ಟಿದ್ದನೋ. ಕಚೇರಿಯ ಕಿಟಕಿಯಿಂದ ನೀಲಾವತಿಯೇ ಜನರನ್ನು ಅತ್ತ ತೋರಿಸುತ್ತಿದ್ದಳು. ಪಾಪ, ಅವಳಾದರೂ ಏನು ಮಾಡಿಯಾಳು?

ನಿವೃತ್ತನಾದ ಮೇಲೆ ಒಂದು ದಿನ ಮುದ್ದಯ್ಯನೂ ನಾನೂ ಆ ಕಚೇರಿಯೆದುರು ಟೀ ಕುಡಿಯುತ್ತಿದ್ದೆವು. ಸೆರಗು ಹೊದ್ದ, ಉಡಿಗಾಲ ಊರಿನ ಕಡೆಯ ಮುದುಕಿಯೊಬ್ಬಳು ಬಂದು, "ಅಪ್ಪಾ, ನೀನು ವಳಗಿದ್ದೋನಲ್ವ? ನಮ್ ಜೋಡಿಹುಣಸೆ ಒಲದ್ ನಂಬ್ರ ಏಟು?" ಎಂದಳು. ಮುದ್ದಯ್ಯನ ತುಟಿ ಅಲ್ಲಾಡಿತು. ನಂಬರು ಅವನ ನಾಲಗೆಯ ಮೇಲೆ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

"ನಂಗೊತ್ತಿಲ್ಲ ಕಣವ್ವ," ಎಂದ. ಆಮೇಲೆ ಕೈಯೆತ್ತಿ ಮಲ್ಲೇಶನ ಅಂಗಡಿ ತೋರಿಸಿದ.