ಅತ್ತೆ ಕಂಡ ಕೆಂಪು

ಸಂಕ್ರಾಂತಿಗೆ ಮೊಮ್ಮಗನ ಹೆಂಡತಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಅತ್ತೆ ನೆನಪಾದರು...

ಅದು ನಿಜಾಮರ ಕಾಲ. ಮಾನ್ವಿಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಹೈದರಾಬಾದಿನ ದವಾಖಾನೆಯಲ್ಲಿ ಅದನ್ನು ತೆಗೆಸುವ ಮಾತೆತ್ತಿದರೆ ಮಾವನವರು ಕೇಳಿಯೂ ಕೇಳದಂತೆ ಇದ್ದುಬಿಡುತ್ತಿದ್ದರು. ಅಷ್ಟರಲ್ಲಿ, ಕೃಷ್ಣೆಯ ನಡುಗಡ್ಡೆಗೆ ಕೆಂಪು ರೆಕ್ಕೆಯ ಹಕ್ಕಿಯೊಂದು ಬಂದಿದೆ ಎಂದು ಅಂಬಿಗ ಸುದ್ದಿ ತಂದ. ಅತ್ತೆ ಸೊಸೆಯಾಗಿ ಬಂದ ವರ್ಷ ಅಂಥದ್ದೊಂದು ಬಂದಿತ್ತಂತೆ. ಆಮೇಲೆ ಅದರ ಸುಳಿವೇ ಇರಲಿಲ್ಲ.

"ಕಣ್ಣು ಪೂರಾ ಹೋಗೂದ್ರಾಗ ಅದನ್ನೊಮ್ಮಿ ನೋಡಬೇಕು. ನೀ ಬರ್ತೀಯೋ, ನಾ ಒಬ್ಬಾಕೀನ ಹೋಗ್ಲೋ?" ಎಂದರು. ಒಲ್ಲೆ ಎನ್ನಲು ನನಗೇನು ಎಂಟೆದೆ ಇತ್ತೇ!

ಸಂಕ್ರಾಂತಿಯ ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಬುತ್ತಿ ಕಟ್ಟಿಕೊಂಡು ಹರಿಗೋಲು ಹತ್ತಿದೆವು. ಚಳಿಗಾಲಕ್ಕೆ ಕಡಲ ಕಡೆಯಿಂದ ಬರುವ ಬಿಳಿ ಹಕ್ಕಿಗಳು ನಮ್ಮ ಸುತ್ತಲೇ ನೀರಿಗೆ ಎರಗುತ್ತಿದ್ದವು. ಅವುಗಳ ಕೂಗು ಕೇಳಿ ಅತ್ತೆ ಮಕ್ಕಳಂತೆ ನಗುತ್ತಿದ್ದರು. ನಡುಗಡ್ಡೆ ಹತ್ತಿರವಾದಾಗ ನೋಡಿದರೆ, ಉದ್ದ ಕಾಲಿನ ಆ ಅತಿಥಿ ಮರಳಿನ ಅಂಚಿನಲ್ಲಿ ರೆಕ್ಕೆ ಮುಚ್ಚಿ ನಿಂತಿತ್ತು. ಹಾಗೆ ನಿಂತಾಗ ಅದು ಬೆಳ್ಳಗೇ ಕಾಣುತ್ತಿತ್ತು.

"ಎಲ್ಲಿ ಅದ ಬೇ? ನನಗ ಬರೇ ಉಸುಕು ಕಾಣಾಕತ್ತದ."

ಅವರ ಗದ್ದ ಹಿಡಿದು ಅತ್ತ ತಿರುಗಿಸಿದೆ. ಊಹೂಂ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇರ್ಲಿ ಬಿಡು. ದೂರದಿಂದ ಬಂದ ಬೀಗರನ್ನ ಉಪವಾಸ ಕಳಿಸಬಾರ್ದು" ಎಂದು ಬುತ್ತಿ ಬಿಚ್ಚಿ, ಎಳ್ಳಮಾಸಿಗೆ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲುವ ಹಾಗೆ ರೊಟ್ಟಿ ಮುರಿದು ಎರಚಿದರು. ಚರಗ ಎಂದ ಮೇಲೆ ಕೂಗಬೇಡವೇ? ನಾಲ್ಕು ಹೊಲಕ್ಕೆ ಕೇಳುವಂತೆ "ಹುಲ್ಲುಲ್ಲಿಗೋ..." ಎಂದುಬಿಟ್ಟರು!

"ಯವ್ವಾ, ಸುಮ್ಕಿರ್ರೀ! ಹಾರಿಹೋಗ್ತದ!" ಎಂದು ಅಂಬಿಗ ಬಾಯಿ ಬಾಯಿ ಬಡಿದುಕೊಂಡ. ಅಷ್ಟರಲ್ಲಿ ಹಕ್ಕಿ ನಾಲ್ಕು ಹೆಜ್ಜೆ ಓಡಿ, ರೆಕ್ಕೆ ಬಿಚ್ಚಿ ಎದ್ದೇಬಿಟ್ಟಿತು. ರೆಕ್ಕೆಯ ತುಂಬ ಕುಂಕುಮ ಬಳಿದ ಹಾಗೆ... ನಮ್ಮ ತಲೆಯ ಮೇಲೆಯೇ ಹಾದುಹೋಯಿತು.

"ಕೆಂಪು! ಕಂಡ್ತು ಬೇ, ಕೆಂಪು ಕಂಡ್ತು!" ಅತ್ತೆ ನನ್ನ ತೋಳನ್ನು ನೋಯುವಂತೆ ಹಿಡಿದುಕೊಂಡರು.

ವರ್ಷ ತಿರುಗುವುದರೊಳಗೆ ಅವರಿಗೆ ಕಣ್ಣು ಪೂರ್ತಿ ಹೋಯಿತು. ನನ್ನ ಮಕ್ಕಳನ್ನೆಲ್ಲ ಕೈಯಿಂದ ತಡವಿಯೇ ಗುರುತು ಹಿಡಿದರು. ಹಾಗೇ ಬಾಳಿ, ಹಾಗೇ ಹೋದರು...

ಹೋದ ತಿಂಗಳು ರಾಯಚೂರಿನಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಬೆಳಿಗ್ಗೆ ಹೋದವಳು ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಮರುದಿನ ದವಾಖಾನೆಯಲ್ಲಿ ಪಟ್ಟಿ ಬಿಚ್ಚಿದಾಗ ನನಗೆ ಅಳು ತಡೆಯಲಾಗಲಿಲ್ಲ.

"ನೋಯಾಕತ್ತದೇನಜ್ಜಿ?" ಎಂದಳು ನರ್ಸಮ್ಮ.

"ಇಲ್ಲವ್ವಾ," ಎಂದೆ. "ನಮ್ಮತ್ತಿಗೂ ಇಷ್ಟಾ ಮಾಡಿಸಿದ್ರ ಸಾಕಾಗ್ತಿತ್ತು."