ಸವೆದ ಬೆರಳಿಗೆ ವೀಸಾ

ಗೆಳೆಯರೇ, ಒಂದು ಸಹಾಯ ಬೇಕು. ಜರ್ಮನಿಯಲ್ಲಿ ಸಂಶೋಧನೆಯ ಕೆಲಸ ಸಿಕ್ಕಿದೆ. ಅದರ ವೀಸಾಕ್ಕೆ ಇಂದು ಬೆರಳಚ್ಚು ಕೊಡಬೇಕಿತ್ತು. ಯಂತ್ರ ನನ್ನ ಒಂದು ಬೆರಳನ್ನೂ ಒಪ್ಪಲಿಲ್ಲ.

"ಏನ್ ಕೆಲ್ಸ ಮಾಡ್ತೀರಾ ಮೇಡಂ? ಗೆರೆಗಳೇ ಸವ್ದೋಗಿವೆ," ಎಂದಳು ಕೌಂಟರಿನ ಹುಡುಗಿ.

ಹೆಬ್ಬಾಳದ ಲ್ಯಾಬಿನಲ್ಲಿ ವರ್ಷಗಟ್ಟಲೆ ಸ್ಪಿರಿಟ್ ಹಾಕಿ ಕೈ ಉಜ್ಜಿದ್ದರ ಫಲ. "ಸೋಮವಾರ ಇನ್ನೊಂದ್ಸಲ ನೋಡೋಣ. ಆಗ್ಲೂ ಬರ್ಲಿಲ್ಲ ಅಂದ್ರೆ ನಂಗೊತ್ತಿಲ್ಲ," ಎಂದು ಆಕೆ ನನ್ನ ಫೈಲು ವಾಪಸ್ ಕೊಟ್ಟಳು.

ಹುಣಸಮಾರನಹಳ್ಳಿಗೆ ಬಂದು ಮನೆ ಓನರ್ ಅಜ್ಜಿಗೆ ಹೇಳಿದೆ. "ನಂಗೂ ಇಂಗೇ ಕಣವ್ವಾ. ರೇಷನ್ ಅಂಗ್ಡೀಲಿ ನನ್ ಬದ್ಲು ಸೊಸೇನೇ ಬೆರಳು ಒತ್ತೋದು. ನೀನೂ ಯಾರ್ನಾದ್ರೂ ಕರ್ಕೊಂಡೋಗು," ಎಂದರು.

ನಗಲೂ ಆಗಲಿಲ್ಲ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಈಗ ಫೋನ್ ಕೂಡ ಬೆರಳು ಒಪ್ಪದೆ, ಪಿನ್ ಒತ್ತಿ ಒಳಗೆ ಬಂದೆ. ಜರ್ಮನಿಗೂ ಅಂಥದೊಂದು ಪಿನ್ ಇದ್ದರೆ ದಯವಿಟ್ಟು ಯಾರಾದರೂ ಹೇಳಿ.