ಅಂಕೋಲೆಯಿಂದ ಬಂದ ಪ್ಯಾಚು

ಡಯಲಪ್ ಕಾಲದ ಮಾತು, ಈಗಲೂ ನೆನೆದರೆ ಖುಷಿ. ನಿವೃತ್ತನಾಗಿ ಕಾರವಾರದಲ್ಲಿ ಕೂತು, ಉಚಿತ ಆಪರೇಟಿಂಗ್ ಸಿಸ್ಟಮ್ ಒಂದರಲ್ಲಿ ಹಳೇ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮಿಗೆ ಬರುವ ಪ್ಯಾಚುಗಳನ್ನು, ಅಂದರೆ ತಿದ್ದುಪಡಿಗಳನ್ನು, ಪರಿಶೀಲಿಸುತ್ತಿದ್ದೆ. ಯಾರೂ ಚೊಕ್ಕ ಮಾಡದಿದ್ದರೆ ಆ ಡ್ರೈವರನ್ನೇ ಕಿತ್ತುಹಾಕುವುದೆಂದು ತೀರ್ಮಾನವಾಗಿತ್ತು.

ಆಗ ಅಪರಿಚಿತನೊಬ್ಬ ಅದರ ಕೋಡನ್ನು ಪೂರಾ ಹೊಸದಾಗಿ ಜೋಡಿಸಿ ಕಳಿಸಿದ. ಕಾರ್ಡು ಏಳಲೆಂದು ತುಸು ಹೊತ್ತು ಸುಮ್ಮನೆ ಕಾಯುತ್ತಿದ್ದ ಸಾಲನ್ನು ತೆಗೆದು, ‘ಎದ್ದೆಯಾ?’ ಎಂದು ಕಾರ್ಡನ್ನೇ ಕೇಳುವ ಸಾಲು ಹಾಕಿದ್ದ. ಹಳೇ ಕಾರ್ಡಿನ ಉತ್ತರ ನಂಬಬಾರದೆಂದು ನಾನು. ಇಂಗ್ಲಿಷ್ ಮೇಲುಗಳಲ್ಲಿ ವಾರಗಟ್ಟಲೆ ಜಗಳ. ಪರೀಕ್ಷಿಸೋಣವೆಂದರೆ ನನ್ನ ಕಾರ್ಡು ಕಾರವಾರದ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ ಎಂದು ಬರೆದೆ. ಕೂಡಲೇ ವಿಳಾಸ ಕೇಳಿದ.

ಮರುದಿನ ಬಾಗಿಲಲ್ಲಿ ಒಬ್ಬ ತರುಣ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಇಶಾಡು ಮಾವಿನಹಣ್ಣು.

“ನಾ ಅಂಕೋಲೆಯವ ಸರ್. ಸೈಬರ್ ಅಂಗಡಿ ಉಂಟು, ಅಲ್ಲಿರೋದೆಲ್ಲ ಇದೇ ಕಾರ್ಡು. ಡ್ರೈವರ್ ಹೋದ್ರೆ ಅಂಗಡಿಗೆ ಬೀಗ.”

“ನಿನ್ನನ್ನ ಜರ್ಮನಿಯವ ಅಂದ್ಕೊಂಡಿದ್ನಲ್ಲೋ ತಮಾ.”

“ನೀವು ಬಯ್ಯೋದು ನೋಡಿ ನಾನೂ ಹಾಂಗೇ ಅಂದ್ಕಂಡಿದ್ದೆ.”

ಹೆಂಡತಿ ಬಂಗಡೆ ಸಾರು ಬಡಿಸಿದಳು. ಉಣ್ಣುತ್ತ ನಾನು ಕಾಯುವುದರ ಮಹತ್ವವನ್ನು ಸಾದ್ಯಂತ ವಿವರಿಸಿದೆ. ಪ್ರತಿ ಮಾತಿಗೂ “ಹೌದು ಸರ್, ಬರೋಬ್ಬರಿ” ಎಂದ. ಗೆದ್ದ ಹುಮ್ಮಸ್ಸಿನಲ್ಲಿ ಬಸ್ಸಿನವರೆಗೂ ಹೋಗಿ ಬಿಟ್ಟುಬಂದೆ.

ಸಂಜೆ ಇಂಗ್ಲಿಷಿನಲ್ಲಿ ಮೇಲ್ ಬಂತು: ಮಾನ್ಯರೇ, ನಿಮ್ಮ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಕಾರ್ಡು ನಿಮ್ಮಲ್ಲೇ ಬಿಟ್ಟಿದ್ದೇನೆ, ಅದನ್ನೇ ಕೇಳಿ ನೋಡಿ.

ಕೇಳಿದೆ. ಕೇಳಿದಾಗಲೆಲ್ಲ ಕಾರ್ಡು ಸತ್ಯವನ್ನೇ ಹೇಳಿತು. ಪ್ಯಾಚಿಗೆ ಒಪ್ಪಿಗೆ ಹಾಕಿದೆ.

ಉಣಬಡಿಸಿದ ಮನೆಯಲ್ಲಿ ಹಿರಿಯರಿಗೆ ಎದುರಾಡುವುದು ನಮ್ಮ ಕಡೆ ಪದ್ಧತಿಯಲ್ಲ ನೋಡಿ. ಪಾಪ, ಜಗಳವಾಡಲು ಅವನು ಅಂಕೋಲೆಗೆ ವಾಪಸು ಹೋಗಿ ಮತ್ತೆ ಇಂಗ್ಲಿಷ್ ಹಿಡಿಯಬೇಕಾಯಿತು.